ಗೇಣುದ್ದ ಉಳಿದ ಕರುಳು

ಸೀರೆಗೆ ಅರ್ಧ ಫಾಲ್ ಹಚ್ಚಿ ಆಗಿತ್ತು, ಅಷ್ಟರಲ್ಲಿ ಹೊಟ್ಟೆ ಗುಡುಗಿತು. ಶಿವಕಾಂತಾ ಸೂಜಿಯನ್ನು ಬಟ್ಟೆಗೇ ಚುಚ್ಚಿ ಎದ್ದಳು. ಬೆಳಗಿನಿಂದ ನಾಲ್ಕನೆಯ ಸಲ. ಬಿಬವೇವಾಡಿಯ ಈ ಎರಡು ಕೋಣೆಯ ಮನೆಯನ್ನು ಅವಳು ಒಪ್ಪಿದ್ದೇ ಪಾಯಖಾನೆ ಒಳಗಿದೆಯೆಂದು.

"ಅಕ್ಕಾ, ನೀ ಹೋಗಿ ಬರೂದ್ರಾಗ ನಾ ಮಾರ್ಕೆಟ್ ಯಾರ್ಡಿನ್ಯಾಗ ಒಂದ್ ಲಾರಿ ಉಳ್ಳಾಗಡ್ಡಿ ಇಳಿಸಿರ್ತೀನಿ," ಎಂದು ತಮ್ಮ ಮಾಂತು ಚಪ್ಪಲಿ ಮೆಟ್ಟುತ್ತ ನಕ್ಕ.

"ಇಳಸಪಾ. ನಿನಗಿಂತ ನಾನೇ ಲಗೂ ಬರ್ತೀನಿ."

ಐದು ವರ್ಷದ ಹಿಂದೆ, ತೊಂಬತ್ತಾರರಲ್ಲಿ, ಅವಳ ದೊಡ್ಡ ಕರುಳನ್ನು ತೆಗೆದಿದ್ದರು. ಅದರ ತುಂಬ ನೂರಾರು ಸಣ್ಣ ಗಂಟುಗಳು. ಬಿಟ್ಟರೆ ಕ್ಯಾನ್ಸರ್ ತಪ್ಪದು ಎಂದಿದ್ದರು ಡಾಕ್ಟರು. ಕೊನೆಯ ಗೇಣುದ್ದವನ್ನು ಮಾತ್ರ ಉಳಿಸಿ ಸಣ್ಣ ಕರುಳಿಗೆ ಜೋಡಿಸಿದ್ದರು. ಆರು ತಿಂಗಳಿಗೊಮ್ಮೆ ಒಳಗೆ ಕ್ಯಾಮೆರಾ ಹಾಕಿ ನೋಡಿ, ಹೊಸ ಗಂಟಿದ್ದರೆ ಅಲ್ಲೇ ಕಿತ್ತುಬಿಡುತ್ತಿದ್ದರು. ದಿನಕ್ಕೆ ಏಳು ಸಲ ಓಡಬೇಕು, ಮದುವೆ ಮನೆಯಲ್ಲಿ ಉಣ್ಣಲು ಹೆದರಿಕೆ. ಆದರೂ ಬದುಕಿದ್ದಳು. ಅದೇ ರೋಗಕ್ಕೆ ಆಪರೇಶನ್ ಒಲ್ಲೆನೆಂದ ಅಣ್ಣ ಧರ್ಮಣ್ಣ ಬದುಕಲಿಲ್ಲ.

ಇದು ಮನೆತನದಲ್ಲಿ ಬರುವ ರೋಗ, ಮಗಳನ್ನು ಯಾವಾಗ ತರುತ್ತೀರಿ ಎಂದು ಡಾಕ್ಟರು ಪ್ರತಿ ಸಲ ಮರಾಠಿಯಲ್ಲಿ ಕೇಳುತ್ತಿದ್ದರು. ಹತ್ತನೆಯದರ ಪರೀಕ್ಷೆ ಮುಗಿಯಲಿ ಅಂದಿದ್ದಳು. ಆಮೇಲೆ ಹನ್ನೆರಡನೆಯದು. ರಂಜನಾಳಿಗೆ ಈಗ ಹದಿನೆಂಟು.

ಪಾಯಖಾನೆಯಿಂದ ಹೊರಗೆ ಬಂದಾಗ ಮಾಂತು ಹೋಗಿದ್ದ. ಸಿಂದಗಿಯಿಂದ ಬಂದಿದ್ದ ಅವ್ವ ಚನ್ನಬಸವ್ವ ಕಾಯುತ್ತ ಕೂತಿದ್ದಳು.

"ಐತಾರ ಸಕ್ಕರಿ ಹಂಚಿ ನಿಶ್ಚಯ ಮಾಡೂಣು. ರಂಜನಾನ್ನ ಮಾಂತುಗ ಕೊಟ್ಟುಬಿಡು. ಸ್ವಾದರಮಾವ ಮನ್ಯಾಗ ಇದ್ದಾಗ ಹೊರಗಿನವ್ರ್ಯಾಕ?"

"ಸ್ವಲ್ಪ ತಡಿಯವ್ವಾ."

"ಯಾಕ ತಡೀಲಿ? ಹೊರಗ ಕೊಟ್ರ ನಿನ್ನ ಹೊಟ್ಟೀದು ಕೇಳ್ತಾರ. ಧರ್ಮಣ್ಣ ಹೆಂಗ ಹೋದ ಅಂತ ಕೇಳ್ತಾರ. ಮಾಂತು ಕೇಳ್ತಾನೇನು? ಮನಿ ಗುಟ್ಟು ಮನ್ಯಾಗ ಉಳೀತದ." ಅವ್ವ ದನಿ ತಗ್ಗಿಸಿದಳು. "ಅಂದಂಗ, ಅವನ ಪಲ್ಯಕ್ಕ ಖಾರ ಹಾಕಬ್ಯಾಡ. ಎರಡು ತಿಂಗಳಾತು, ಮೂಲವ್ಯಾಧಿ. ರಕ್ತ ಹೋಗ್ತದ. ಗಿಡದ ಔಷಧ ಕೊಡಸೀನಿ."

ಶಿವಕಾಂತಾ ಅವ್ವನ ಮುಖವನ್ನೇ ನೋಡಿದಳು. ಧರ್ಮಣ್ಣನಿಗೂ ಹೀಗೇ ಶುರುವಾಗಿತ್ತು, ಅವ್ವ ಹೀಗೇ ಅಂದಿದ್ದಳು. ಆಗಲೂ ಗಿಡದ ಔಷಧವೇ. ಮನೆಯೊಳಗೆ ಉಳಿಯುವುದು ಬರೀ ಗುಟ್ಟಲ್ಲ, ರೋಗವೂ ಉಳಿಯುತ್ತದೆ. ಹುಟ್ಟುವ ಕೂಸಿಗೆ ಅಪ್ಪನ ಕಡೆಯಿಂದಲೂ ಅವ್ವನ ಕಡೆಯಿಂದಲೂ ಅದೇ. ಹೇಳಿದರೆ ಅವ್ವ ಅಳುತ್ತಾಳೆ, ಮಾಂತು ನಗುತ್ತಾನೆ, ಕುರಕುಂಭದ ಫ್ಯಾಕ್ಟರಿಯಿಂದ ಬರುವ ಗಂಡ ಅದು ನಿಮ್ಮ ತವರಿನ ಮಾತು, ನೀವೇ ನೋಡಿಕೊಳ್ಳಿ ಅನ್ನುತ್ತಾನೆ. ಅಷ್ಟರಲ್ಲಿ ಐತವಾರ ಬಂದಿರುತ್ತದೆ. ಕೂರಲಾಗಲಿಲ್ಲ. ಎದ್ದು ಕಿಟಕಿಯತನಕ ಹೋದಳು, ಮರಳಿದಳು, ಮತ್ತೆ ಹೋದಳು.

"ಸಕ್ಕರಿ ಎಷ್ಟು ತರಸಲಿ?"

"ಐತಾರಕ್ಕ ಇನ್ನೂ ಐದು ದಿನ ಅದವ್ವಾ."

ಗುರುವಾರ ಅವಳದೇ ತಪಾಸಣೆಯ ಸರತಿ. ಸಂಜೆ ಎಸ್‌ಟಿಡಿ ಬೂತಿನಿಂದ ಆಸ್ಪತ್ರೆಗೆ ಫೋನ್ ಮಾಡಿ ಮಾಂತು, ರಂಜನಾ ಎಂದು ಇನ್ನೆರಡು ಹೆಸರು ಬರೆಸಬೇಕು. ಮಾಂತುವಿಗೆ, ನನ್ನ ಜೋಡಿ ಒಬ್ಬರು ಬೇಕಂತ, ಬಾ ಅಂದರಾಯಿತು. ರಂಜನಾಳಿಗೆ ಅಷ್ಟೂ ಹೇಳಬೇಕಿಲ್ಲ. ನಾಳೆ ಬುಧವಾರ ಮಾತ್ರ ಮೂವರೂ ಉಪವಾಸವಿದ್ದು ಹೊಟ್ಟೆ ಖಾಲಿ ಮಾಡುವ ಔಷಧ ಕುಡಿಯಬೇಕು. ಅದಕ್ಕೊಂದು ನೆವ ಹುಡುಕಬೇಕು.

ಕಾಲೇಜಿನಿಂದ ಬಂದ ರಂಜನಾ ಚೀಲ ಇಳಿಸಿ ಕೇಳಿದಳು, "ಅಜ್ಜಿ ಏನಂದ್ಲು?"

"ಏನಿಲ್ಲ. ಇವತ್ತು ಹೊಟ್ಟಿ ತುಂಬ ಉಣ್ಣು."