ಒಣಗಿದ ಹಿಮ್ಮಡ

ಕಟಕೋಳದ ಮುಸ್ಲಿಮರ ಓಣಿಯಲ್ಲಿ ಹೆಣ್ಣುಮಕ್ಕಳು ಯಾರು ತೀರಿಕೊಂಡರೂ ಗುಸಲ್ ಕೊಡಲು, ಅಂದರೆ ಹೆಣಕ್ಕೆ ಕೊನೆಯ ಸ್ನಾನ ಮಾಡಿಸಲು, ಜೈತುನಬಿಯನ್ನೇ ಕರೆಯಬೇಕು. ಅಳುವವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಕೈ ನಡುಗದೆ ಕೆಲಸ ಮುಗಿಸುವ ಗಟ್ಟಿಗಿತ್ತಿ. ಸ್ವಂತ ತಂಗಿ ಶಮಶಾದ ಕಾಮಾಲೆಯಾಗಿ ತೀರಿಕೊಂಡಾಗಲೂ ಅವಳೇ ತೊಳೆದಳು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಕಲ್ಲೆದೆಯವಳು ಅಂದರು ಜನ. ಅನ್ನುವವರಿಗೇನು, ಬಾಯಿಗೆ ಬೀಗ ಹಾಕುವವರು ಯಾರು?

ವಾರ ಕಳೆದಿರಲಿಲ್ಲ. ಮಧ್ಯಾಹ್ನದ ನಮಾಜಿಗೆಂದು ಬಚ್ಚಲಲ್ಲಿ ಕೈಕಾಲು ತೊಳೆದು ವುಜೂ ಮಾಡುತ್ತಿದ್ದಾಗ ಬೆನ್ನ ಹಿಂದೆ, ಅಕ್ಕನನ್ನು ಕರೆಯುವ ಶಮಶಾದಳ ದನಿ ಕೇಳಿಸಿತು.

"ಆಪಾ, ನನ್ನ ಹಿಮ್ಮಡ ಒಣಾ ಉಳದೈತಿ ನೋಡ."

ತಿರುಗಿದರೆ ಯಾರೂ ಇಲ್ಲ. ಫರಸಿಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಬೆರಳು ಮೂಡಿದ್ದವು, ಅಂಗಾಲು ಮೂಡಿತ್ತು, ಹಿಮ್ಮಡವಿರಲಿಲ್ಲ.

ಅಂದು ತಂಗಿಯ ಹಿಮ್ಮಡಕ್ಕೆ ನೀರು ಮುಟ್ಟಿತ್ತೋ ಇಲ್ಲವೋ? ಎಷ್ಟು ನೆನೆದರೂ ಅವಳಿಗೆ ನೆನಪಾಗಲಿಲ್ಲ. ಮಸೀದಿಯಲ್ಲಿ ನಮಾಜು ಮಾಡಿಸುವ ಪೇಶಮಾಮ ದಸ್ತಗೀರಸಾಬರನ್ನು ದಾರಿಯಲ್ಲೇ ತಡೆದು, ಯಾರದೋ ಸುದ್ದಿಯೆಂಬಂತೆ ಕೇಳಿದಳು.

"ಗುಸಲಿನ್ಯಾಗ ಒಂದ್ ಜಾಗಾ ಒಣಾ ಉಳದ್ರ ಹೆಂಗ್ರಿ, ಮೌಲಾನಾ ಸಾಹೇಬ್ರ?"

"ಹಂಗಾದ್ರ ಗುಸಲ್ ಪೂರಾ ಆಗೂದಿಲ್ಲವ್ವಾ," ಎಂದು ಅವರು ಅವಸರದಲ್ಲಿ ಹೊರಟುಹೋದರು.

ಅಲ್ಲಿಂದ ಶುರುವಾಯಿತು. ತಂಗಿಯ ಹಿಮ್ಮಡದ ಬದಲು ಜೈತುನಬಿ ತನ್ನ ಹಿಮ್ಮಡ ತಿಕ್ಕತೊಡಗಿದಳು. ತೊಳೆದು ಎದ್ದರೆ ಮತ್ತೆ ಅದೇ ದನಿ, ಮತ್ತೆ ತೊಳೆಯುವುದು. ವುಜೂ ಮುಗಿಯುವುದರೊಳಗೆ ನಮಾಜಿನ ಹೊತ್ತೇ ಮೀರುತ್ತಿತ್ತು. ಬುದ್ಧಿ ಬಂದಾಗಿನಿಂದ ತಪ್ಪದ ನಮಾಜು ತಪ್ಪಿಹೋಯಿತು. ಅದಿಲ್ಲದೆ ಅವಳು ಬದುಕುವುದಾದರೂ ಹೇಗೆ? ಗಾದಿ ಹೊಲಿಯುವ ಗಂಡ ಲಾಲಸಾಬ ನೀರಿನ ಟಾಕಿಯ ನಳ ಬಂದ್ ಮಾಡಿದ. ಅವಳು ಬೋರವೆಲ್ಲಿಗೆ ಹೋದಳು. ಜಿನ್ ಹಿಡಿದಿದೆ ಎಂದು ಯಾರೋ ತಾಯಿತ ಕಟ್ಟಿದರೆ, ಅದನ್ನೂ ತೊಳೆದು ತೊಳೆದು ದಾರ ಹರಿದಳು. ಹಿಮ್ಮಡ ಒಡೆದು ರಕ್ತ ಬರುತ್ತಿತ್ತು.

ಆ ರಕ್ತ ಕಂಡ ಆಶಾ ಕಾರ್ಯಕರ್ತೆ ಯಲ್ಲವ್ವ ಮಾತಿಗೆ ಮಾತು ಬೆಳೆಸದೆ ಅವಳನ್ನು ರಾಮದುರ್ಗದ ಬಸ್ಸು ಹತ್ತಿಸಿದಳು. ಅಲ್ಲಿಯ ಆಸ್ಪತ್ರೆಯ ಮನೋವೈದ್ಯೆ ಪ್ರಣಿತಾ ಎಲ್ಲವನ್ನೂ ಕೇಳಿಸಿಕೊಂಡು ಗುಳಿಗೆ ಬರೆದುಕೊಟ್ಟರು.

"ಗುಳಿಗಿ ನಾ ನುಂಗಿದ್ರ ಶಮಶಾದನ ಹಿಮ್ಮಡ ತೊಯ್ತೈತೇನ್ರಿ?" ಎಂದು ಜೈತುನಬಿ ಸಿಟ್ಟಿನಿಂದ ಕೇಳಿದಳು.

ಡಾಕ್ಟರು ನಗಲಿಲ್ಲ. "ಅದಕ್ಕ ಉತ್ತರ ನನ್ನ ಹಂತ್ಯಾಕ ಇಲ್ಲವ್ವಾ. ಯಾರ ಮಾತ ನೀವು ನಂಬತೀರಿ?"

ಮುಂದಿನ ಸಲ, ಅವಳು ಹೆಸರು ಹೇಳಿದ ದಸ್ತಗೀರಸಾಬರೂ ಆ ಕೋಣೆಯಲ್ಲಿ ಕೂತಿದ್ದರು. ಅವಳ ಕಾಲಿನ ಬಟ್ಟೆಪಟ್ಟಿ ನೋಡಿ ಮುದುಕರು ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು.

"ನೀ ಧರ್ಮದ ಕಾಯ್ದೆ, ಮಸಲಾ ಕೇಳಿದಿ; ನಾ ಮಸಲಾ ಹೇಳಿದೆ. ಯಾಕ ಕೇಳಾಕತ್ತಿ ಅಂತ ಕೇಳಲಿಲ್ಲ. ತಪ್ಪ ನಂದು. ವಸವಸಾ, ಅಂದ್ರ ಇಂಥಾ ಸಂಶಯ ಕಾಡೋರಿಗೆ ಮಸಲಾ ಬ್ಯಾರೆ ಐತಿ. ಒಮ್ಮೆ ತೊಳದ ಮ್ಯಾಲೆ ಅದಕ್ಕ ಕಿವಿ ಕೊಡಬಾರದು. ತಂಗೀನ ಪ್ರೀತಿಲೆ ತೊಳದಿ. ಕಬೂಲ್ ಮಾಡಾಂವ ಅಲ್ಲಾಹ್. ನೀ ಮತ್ತ ತೊಳ್ಯಾಕ ಹೋಗಬ್ಯಾಡ."

"ಗುಳಿಗೀನೂ ತಗೋರಿ," ಎಂದರು ಡಾಕ್ಟರು. "ದನಿ ಒಮ್ಮೆಲೆ ಹೋಗಂಗಿಲ್ಲ. ಬಂದ್ರ ಬರಲಿ. ನೀವು ನಳ ಬಂದ್ ಮಾಡ್ರಿ."

ಕೆಲವು ವಾರ ಗುಳಿಗೆ ನುಂಗಿದ ಮೇಲೆ, ಒಂದು ಮಧ್ಯಾಹ್ನ ಜೈತುನಬಿ ಕಾಲು ತೊಳೆದು ನಳಕ್ಕೆ ಕೈ ಹಾಕಿದಳು.

"ಆಪಾ, ಹಿಮ್ಮಡ..."

ಅವಳು ನಳ ತಿರುಗಿಸಿ ನಿಲ್ಲಿಸಿದಳು. ನಮಾಜಿನ ಚಾಪೆ, ಜಾನಮಾಜು, ಹಾಸಿ ನಿಂತಳು. ಸಣ್ಣ ಒದ್ದೆ ಹೆಜ್ಜೆಗಳ ಸಪ್ಪಳ ಬಚ್ಚಲಿನಿಂದ ಹಿಂದೆಯೇ ಬಂತು. ಬಗ್ಗಿದಾಗ ಬಗ್ಗಿತು, ಕೂತಾಗ ಕೂತಿತು. ಅವಳು ನಮಾಜು ಬಿಡಲಿಲ್ಲ. ಬಲಕ್ಕೆ ಸಲಾಂ ಹೇಳಿ, ಎಡಕ್ಕೆ ಮುಖ ತಿರುಗಿಸಿ ಮುಗಿಸಿದರೆ, ಹೊಸ್ತಿಲಲ್ಲಿ ಶಮಶಾದ ನಿಂತಿದ್ದಳು. ಹಿಮ್ಮಡ ಇನ್ನೂ ಒಣಗಿಯೇ ಇತ್ತು.

"ಆಪಾ, ಬರತೇನಿ."

ಹೊರಟವರಿಗೆ ನಮ್ಮ ಕಡೆ ಹೋಗಿ ಬಾ ಅನ್ನುತ್ತಾರೆ. ಬರೀ ಹೋಗು ಅಂದರೆ ಬೈದ ಹಾಗೆ. ಜೈತುನಬಿಗೆ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳುವುದು ಗುಳಿಗೆಗಿಂತ ಕಷ್ಟವಾಯಿತು.

"ಹೋಗು, ನನ್ನವ್ವಾ," ಅಂದಳು. ಬಾ ಅನ್ನಲಿಲ್ಲ.

ಹೊಸ್ತಿಲು ಬರಿದಾಯಿತು. ಅವಳು ಜಾನಮಾಜಿನ ಮೇಲೆ ಮುಖವಿಟ್ಟು, ತಂಗಿ ಸತ್ತ ಮೇಲೆ ಮೊದಲ ಸಲ, ಬಿಕ್ಕಿ ಬಿಕ್ಕಿ ಅತ್ತಳು.