ಓಲೆಯ ತಿರುಪು

ಹಣ್ಣಿನ ಹನ್ನೆರಡನೇ ಡಬ್ಬಿಯ ಮುಚ್ಚಳ ಒತ್ತುವಾಗ ಸೊಸೆಗೆ ಎಡಗಿವಿ ಯಾಕೋ ಹಗುರವೆನಿಸಿತು. ತಲೆಗೆ ಕಟ್ಟಿದ್ದ ಬಟ್ಟೆಯೊಳಗೆ ಬೆರಳು ತೂರಿಸಿದಳು. ಓಲೆ ಬಟ್ಟೆಗೆ ಸಿಕ್ಕಿ ನೇತಾಡುತ್ತಿತ್ತು. ಹಿಂದಿನ ತಿರುಪು ಇರಲಿಲ್ಲ.

ತೋಟಕ್ಕೆ ಒಡವೆ ಹಾಕಿಕೊಂಡು ಬರಬಾರದೆಂದು ಅತ್ತೆ ಮೊದಲ ದಿನವೇ ಹೇಳಿದ್ದರು. ಅಜ್ಜಿ ಕೊಟ್ಟ ಓಲೆ ಬಿಚ್ಚಲು ಮನಸ್ಸಾಗದೆ ಇವಳು ಬಟ್ಟೆಯಡಿ ಬಚ್ಚಿಟ್ಟುಕೊಂಡು ಬರುತ್ತಿದ್ದಳು. ಆ ತೋಟದ ರಾಸ್ಪ್‌ಬೆರಿ ಹಣ್ಣಾದರೋ ಬಲು ನಾಜೂಕಿನದು. ಮಾಗಿದ್ದನ್ನು ಮೂರು ಬೆರಳಲ್ಲಿ ಮೆಲ್ಲಗೆ ಎಳೆದರೆ ಬಿಳಿ ದಿಂಡು ಗಿಡದಲ್ಲೇ ಉಳಿದು, ಹಣ್ಣು ಪುಟ್ಟ ಟೊಪ್ಪಿಯಂತೆ ಪೊಳ್ಳಾಗಿ ಕೈಗೆ ಬರುತ್ತದೆ. ಆ ಪೊಳ್ಳಿಗೆ ತಿರುಪು ಹೊಕ್ಕರೆ ಯಾರ ಕಣ್ಣಿಗೂ ಬೀಳದು. ಸುರಿದು ಹುಡುಕಿದರೋ, ಹಣ್ಣೆಲ್ಲ ನಜ್ಜುಗುಜ್ಜು.

ಡಬ್ಬಿಗಳು ಬೇಕರಿಗೆ ಹೋಗಬೇಕಿತ್ತು. ಸಂಜೆ ಶಾಲೆಯ ಮಕ್ಕಳು ತಿನ್ನುವ ಕೇಕಿನ ಮೇಲೆ ಈ ಹಣ್ಣು ಹಾಗೇ ಕೂರುತ್ತದೆ. ಅಜ್ಜಿಯ ಕಥೆಯಲ್ಲಿ ಗಿಣಿಯೊಳಗೆ ಅಡಗಿದ್ದದ್ದು ರಾಕ್ಷಸನ ಜೀವ. ಇಲ್ಲಿ ಯಾವ ಮಗುವಿನದೋ.

ಸಾಲಿನ ತುದಿಯಲ್ಲಿ ಅತ್ತೆ ಡಬ್ಬಿಗಳನ್ನು ವ್ಯಾನಿಗೆ ಏರಿಸುತ್ತಿದ್ದರು. ಹಣ್ಣಿಗಿಂತ ಮೊದಲು ತಾನೇ ಕೊಳೆತುಹೋಗುತ್ತೇನೆಂದು ಡ್ರೈವರ್ ಗೊಣಗುತ್ತಿದ್ದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಮಣ್ಣಿಗೇ ಬಿದ್ದಿರಬಹುದಲ್ಲ? ಒಂಬತ್ತನೇ ಡಬ್ಬಿ ಏರಿತು. ಹತ್ತನೆಯದೂ ಏರಿತು.

"ಅತ್ತೆ, ನಿಲ್ಸಿ." ಸೊಸೆ ವ್ಯಾನಿನ ಬಳಿಗೆ ಓಡಿದಳು. "ನನ್ನ ಓಲೆ ತಿರುಪು ಬಿದ್ದೋಗಿದೆ. ಹಣ್ಣೊಳಗೆ ಇದ್ರೂ ಇರಬಹುದು."

ಅತ್ತೆ ಕೂಗಾಡಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ಕೊನೇ ಸಲ ಕಿವಿ ಮುಟ್ಕೊಂಡಿದ್ದು ಯಾವ ಸಾಲಲ್ಲಿ?"

ನಾಲ್ಕನೇ ಸಾಲು ಮುಗಿಯುವಾಗ ಮುಳ್ಳು ತಲೆಯ ಬಟ್ಟೆ ಎಳೆದಿತ್ತು. ಆಗ ತಿರುಪು ಬಿಗಿ ಮಾಡಿದ್ದು ನೆನಪಾಯಿತು. ಹಾಗಾದರೆ ಉಳಿದದ್ದು ಐದನೇ ಸಾಲು ಮಾತ್ರ. ಡಬ್ಬಿ ತುಂಬಿದ ಕೂಡಲೇ ಅಲ್ಲೇ ಮುಚ್ಚಿ, ಮೇಲೆ ಸಾಲಿನ ಸಂಖ್ಯೆ ಬರೆಯಬೇಕೆಂಬುದು ಅತ್ತೆಯ ಕಟ್ಟಪ್ಪಣೆ. ಇದೆಂಥ ಹುಚ್ಚೆಂದು ಸೊಸೆ ಒಳಗೊಳಗೇ ನಕ್ಕಿದ್ದಳು. ಈಗ ನೋಡಿದರೆ 'ಐದು' ಎಂದಿದ್ದವು ಮೂರೇ ಡಬ್ಬಿ. ಒಂದು ಆಗಲೇ ವ್ಯಾನಿನೊಳಗಿತ್ತು.

ಅದನ್ನೂ ಇಳಿಸಿಕೊಂಡು ಅತ್ತೆ ಬಿಳಿ ಬಟ್ಟೆ ಹಾಸಿ ಒಂದಾದ ಮೇಲೊಂದು ಡಬ್ಬಿ ಸುರಿದರು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಣ್ಣಿನ ಹೊಟ್ಟೆ ನೋಡತೊಡಗಿದರು. ಮೊದಲ ಡಬ್ಬಿಯಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಬಟ್ಟೆ ಕೆಂಪಾಗುತ್ತ ಬಂತು. ಡ್ರೈವರ್ ಇಂಜಿನ್ ಆರಿಸಿ, ಗೊಣಗಾಟ ಬಿಟ್ಟು, ಬಗ್ಗಿ ನಿಂತ. ಮೂರನೆಯದರಲ್ಲಿ ಬೆರಳೆಣಿಕೆಯಷ್ಟು ಹಣ್ಣು ಉಳಿದಾಗ, ಸೊಸೆ ತಿರುಗಿಸಿದ ಒಂದರ ಒಳಗೆ ಹಳದಿ ಮಿನುಗು ಕಂಡಿತು.

ಅವಳು ತಿರುಪನ್ನು ಹೆಕ್ಕಿ ಅತ್ತೆಯ ಕೈಗಿಟ್ಟಳು.

ಅತ್ತೆ ಬೇಕರಿಗೆ ಫೋನ್ ಮಾಡಿ, ಒಂಬತ್ತೇ ಡಬ್ಬಿ ಬರುತ್ತದೆ, ತಪ್ಪು ನಮ್ಮದೇ ಎಂದರು. ಆಮೇಲೆ ತಿರುಪನ್ನು ಸೆರಗಿನಲ್ಲಿ ಒರೆಸಿ ಸೊಸೆಯ ಅಂಗೈಗೆ ಹಾಕಿದರು.

"ನಾಳೆಯಿಂದ ಓಲೆ ಮನೇಲಿರ್ಲಿ. ಕಿವಿ ಮಾತ್ರ ತೋಟಕ್ಕೆ ಬರ್ಲಿ."

ನಜ್ಜಿದ ಹಣ್ಣಿನ ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿ, ಅದನ್ನೂ ಅವಳ ಕೈಗೇ ಕೊಟ್ಟರು. ಮನೆಯವರೆಗೂ ಅದು ತೊಟ್ಟಿಕ್ಕುತ್ತಲೇ ಇತ್ತು.