ಮಗ್ಗ ನಿಲ್ಲಿಸುವ ಓಣಿ

ಮುಂಬೈನ ದೊಡ್ಡ ಬಟ್ಟೆ ಕಂಪನಿಯೊಂದು ತನ್ನ ಮುಖ್ಯ ಕಚೇರಿಯನ್ನು ನೇಕಾರರಿರುವ ಕಡೆಗೇ ಒಯ್ಯುತ್ತದಂತೆ ಎಂಬ ಸುದ್ದಿ ಬಂದದ್ದೇ ತಡ, ನಾಲ್ಕು ಊರುಗಳ ನಿದ್ದೆ ಹಾರಿಹೋಯಿತು. ಜಮಖಂಡಿಯವರು ನಮ್ಮದು ಸಂಸ್ಥಾನ, ಅರಮನೆ ಇದ್ದ ಊರು, ದೊಡ್ಡವರು ದೊಡ್ಡವರ ಕಡೆಗೇ ಬರಬೇಕು ಎಂದರು. ಮುಧೋಳದವರು ನಮ್ಮದೂ ಸಂಸ್ಥಾನವೇ, ಮೇಲಾಗಿ ನಮ್ಮ ನಾಯಿಯ ಹೆಸರು ದೇಶಕ್ಕೆಲ್ಲ ಗೊತ್ತು ಎಂದರು. ಬೀಳಗಿಯವರ ಹತ್ತಿರ ಹೇಳಿಕೊಳ್ಳಲು ಅರಮನೆಯೂ ಇರಲಿಲ್ಲ, ನಾಯಿಯೂ ಇರಲಿಲ್ಲ. ಹಿನ್ನೀರು ಕಾಣುವ ಜಾಗ ಪುಕ್ಕಟೆ ಕೊಡುತ್ತೇವೆ ಎಂದರು. ಅಣೆಕಟ್ಟಿನ ನೀರಲ್ಲಿ ಮುಳುಗಿದ್ದು ಮುಳುಗಿತು, ಉಳಿದದ್ದನ್ನೂ ಕೊಡಲು ಹೊರಟಿದ್ದಾರೆ ಎಂದು ಉಳಿದ ಮೂರು ಊರಿನವರು ನಕ್ಕರು.

ರಬಕವಿ-ಬನಹಟ್ಟಿಯವರಿಗೆ ಇದರಲ್ಲಿ ಚರ್ಚೆಯೇ ಬೇಕಿರಲಿಲ್ಲ. ಬಟ್ಟೆ ಕಂಪನಿ ಮಗ್ಗವಿದ್ದ ಊರಿಗೆ ಬರದೆ ನಾಯಿ ಇದ್ದ ಊರಿಗೆ ಹೋಗುತ್ತದೆಯೇ? ಅವರು ಜಗಳಾಡಿದ್ದು ಕಚೇರಿ ರಬಕವಿಯ ಬದಿಗೋ ಬನಹಟ್ಟಿಯ ಬದಿಗೋ ಎಂಬ ಬಗ್ಗೆ. ಅದಕ್ಕಾಗಿ ಎರಡು ಸಭೆ ನಡೆದವು, ಎರಡನೆಯದರಲ್ಲಿ ಕುರ್ಚಿ ಮುರಿದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ.

ಬನಹಟ್ಟಿಯ ಸ್ವಾಗತ ಸಮಿತಿಗೆ ಮುಂದಾಳಾದವನು ಪ್ರಭುಲಿಂಗ. ವಯಸ್ಸು ನಲವತ್ತೈದರ ಆಚೆಈಚೆ. ಮನೆಗೆ ಹೊಂದಿದ ಶೆಡ್ಡಿನಲ್ಲಿ ನಾಲ್ಕು ಪಾವರ್‌ಲೂಮ್ ಇಟ್ಟುಕೊಂಡು ಸೀರೆ ನೇಯುತ್ತಿದ್ದ. ಅವನು ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನ ಓಣಿಯಲ್ಲಿ ಒಂದರ ಹಿಂದೆ ಒಂದು ಮನೆಯವರು ಮಗ್ಗ ಬಿಚ್ಚಿ ಗುಜರಿಗೆ ಹಾಕುತ್ತಿದ್ದರು. ಹಾಗೆ ಹಾಕಿದ ಗೆಳೆಯನೊಬ್ಬ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಬೆಲ್ಲದ ಪೆಂಟಿ ಹೊರುವುದನ್ನು ಕಂಡು ಪ್ರಭುಲಿಂಗ ಆ ರಾತ್ರಿ ಉಂಡಿರಲಿಲ್ಲ. ಕಂಪನಿ ಬಂದರೆ ಓಣಿ ಉಳಿಯುತ್ತದೆ ಎಂದು ಅವನು ದೇವರಾಣೆ ನಂಬಿದ್ದ.

ಆ ಓಣಿಗೊಂದು ರೂಢಿಯಿತ್ತು. ಯಾರದಾದರೂ ಮನೆಯಲ್ಲಿ ಸಾವಾದರೆ ಮೊದಲು ಆ ಮನೆಯ ಮಗ್ಗ ನಿಲ್ಲುತ್ತದೆ. ಸಪ್ಪಳ ಕಡಿಮೆಯಾದದ್ದು ಕೇಳಿ ಪಕ್ಕದ ಮನೆಯವರು ನಿಲ್ಲಿಸುತ್ತಾರೆ, ಆಮೇಲೆ ಅದರ ಪಕ್ಕದವರು. ಹೀಗೆ ಓಣಿಯ ತುದಿಯವರೆಗೆ ಒಂದೊಂದೇ ನಿಂತು ಎಲ್ಲರೂ ಹೊರಗೆ ಬಂದು ಯಾರು ಹೋದರು ಎಂದು ಕೇಳುತ್ತಾರೆ. ಕರೆಂಟ್ ಹೋದರೆ ಎಲ್ಲವೂ ಒಮ್ಮೆಲೇ ನಿಲ್ಲುತ್ತವೆ, ಹಾಗಾಗಿ ಯಾರಿಗೂ ಗೊಂದಲವಿರಲಿಲ್ಲ. ಮಣ್ಣು ಮಾಡಿ ಬರುವವರೆಗೆ ಲಾಳಿ ಓಡುವುದಿಲ್ಲ.

ಈ ರೂಢಿಯನ್ನು ಎಲ್ಲರಿಗಿಂತ ಹೆಚ್ಚು ಪಾಲಿಸುತ್ತಿದ್ದವನು ಪ್ರಭುಲಿಂಗನ ಅಪ್ಪ ಚನಮಲ್ಲಪ್ಪ. ಮನೆಯ ಪಡಸಾಲೆಯಲ್ಲಿ ಅವನ ಕುಣಿಮಗ್ಗ ಇನ್ನೂ ಇತ್ತು. ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ಎಪ್ಪತ್ತೆಂಟರ ವಯಸ್ಸಿನಲ್ಲೂ ಕೈಯಿಂದಲೇ ನೇಯುತ್ತಿದ್ದ. ಮಾತು ಬಿಟ್ಟವರ ಮನೆಯಲ್ಲಿ ಸಾವಾದಾಗಲೂ ಮೊದಲು ಮಗ್ಗದಿಂದ ಏಳುತ್ತಿದ್ದವನು ಅವನೇ. ಒಮ್ಮೆ ಅರ್ಜಂಟ್ ಮಾಲಿದೆಯೆಂದು ಪ್ರಭುಲಿಂಗ ಗೊಣಗಿದಾಗ ಅವನು ಹೇಳಿದ್ದು ಇಷ್ಟೇ: "ತಮ್ಮಾ, ಮಗ್ಗ ನಿಂತರನ ಸತ್ತಾವಗ ತನಗೂ ನಾಕ ಮಂದಿ ಇದ್ರು ಅಂತ ತಿಳೀತದ."

ಕಂಪನಿಯವರು ಬರುವ ದಿನ ಗೊತ್ತಾಯಿತು. ಹಿಂದಿನ ದಿನ ಬೀಳಗಿ, ಮುಧೋಳ ನೋಡಿಕೊಂಡು ಜಮಖಂಡಿಯಲ್ಲಿ ತಂಗುತ್ತಾರೆ. ಮರುದಿನ ಹತ್ತು ಗಂಟೆಗೆ ಬನಹಟ್ಟಿಗೆ ಬಂದು, ಓಣಿ ನೋಡಿ, ಪ್ರಭುಲಿಂಗನ ಮನೆಯಲ್ಲಿ ಚನಮಲ್ಲಪ್ಪ ನೇಯುವುದನ್ನು ನೋಡಿ ಹೋಗುತ್ತಾರೆ. ಅಂದು ಯಾರೂ ಮಗ್ಗ ನಿಲ್ಲಿಸಬಾರದು, ಊರು ಜೀವಂತ ಕಾಣಬೇಕು ಎಂದು ಪ್ರಭುಲಿಂಗ ಮನೆ ಮನೆಗೆ ಹೇಳಿದ್ದ. ವಿದ್ಯುತ್ ಕಚೇರಿಗೂ ಹೋಗಿ, ಅತಿಥಿಗಳು ಓಣಿ ದಾಟುವವರೆಗೆ ಕರೆಂಟ್ ತೆಗೆಯಬೇಡಿ, ಬೇಕಾದರೆ ಆಮೇಲೆ ಆ ಹೊತ್ತನ್ನೂ ಸೇರಿಸಿ ತೆಗೆಯಿರಿ ಎಂದು ಕೈಮುಗಿದು ಒಪ್ಪಿಸಿದ್ದ. ಹೆಂಡತಿ ಮಕ್ಕಳು ಲೋಕಾಪುರಕ್ಕೆ, ತವರಿನ ಮದುವೆಗೆ ಹೋಗಿದ್ದರು. ಅಪ್ಪ ಮೀಸೆ ಕತ್ತರಿಸಿಕೊಂಡು, ಕೆಂಪು ದಡಿಯ ಹೊಸ ಹಾಸು ಮಗ್ಗಕ್ಕೇರಿಸಿ ಸಿದ್ಧನಾಗಿದ್ದ.

ಆ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಚನಮಲ್ಲಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ. ಸುತ್ತುತ್ತಲೇ ಕೈ ನಿಂತಿತು. ಹೆಂಡತಿ ಅನಸವ್ವ ಚಹಾ ತಂದು ಎರಡು ಸಲ ಕರೆದಳು, ಮೂರನೆಯ ಸಲ ಹೆಗಲು ಮುಟ್ಟಿದಳು. ಆಮೇಲೆ ಲೋಟ ಕೆಳಗಿಟ್ಟು, ಶೆಡ್ಡಿನ ಬಾಗಿಲಿಗೆ ಹೋಗಿ ಮಗನನ್ನು ಕರೆದಳು.

ಅವಳ ಲೆಕ್ಕದಲ್ಲಿ ಆ ಸಾವಿಗೆ ಒಂದು ಕೊರತೆಯೂ ಇರಲಿಲ್ಲ. ಅವರ ಮಂದಿಯಲ್ಲಿ ಸತ್ತವರನ್ನು ಕೂರಿಸಿ, ಕೂತಂತೆಯೇ ಮೆರೆಸಿ, ಕೂತಂತೆಯೇ ಮಣ್ಣು ಮಾಡುತ್ತಾರೆ. ಮೈ ಬಿರುಸಾಗುವ ಮೊದಲೇ ಕಾಲು ಮಡಿಸಿ ಕೂರಿಸಬೇಕು, ಅದಕ್ಕೇ ಎಲ್ಲ ಗಡಿಬಿಡಿ. ಈತ ತಾನೇ ಕೂತು ಹೋಗಿದ್ದ. ಹೊರಗೆ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

ಪ್ರಭುಲಿಂಗ ಅಪ್ಪನ ಎದುರು ಕೂತ. ಅವನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಆದರೆ ಆ ನೀರಿನ ಹಿಂದೆಯೇ ಹತ್ತು ಗಂಟೆಯೂ ಬಂತು. ಓಣಿಯ ಮಗ್ಗಗಳೆಲ್ಲ ನಿಂತು, ಪಡಸಾಲೆಯಲ್ಲಿ ಹೆಣ ಕೂತು, ಹೆಂಗಸರು ಹಾಡಿಕೊಂಡು ಅಳುವಾಗ ಕಂಪನಿಯವರ ಕಾರು ಬಂದು ತಿರುಗಿಸಿಕೊಂಡು ಜಮಖಂಡಿಗೆ ಹೋಗುವುದು ಅವನ ಕಣ್ಣಿಗೆ ಕಟ್ಟಿತು.

"ಮಗ್ಗ ನಿಂದರಸು ಪ್ರಭೂ. ಕುಂದರಸಾಕ ಬಾಜೂಮನಿ ಹಣಮಪ್ಪನ್ನ ಕರಿ," ಎಂದಳು ಅನಸವ್ವ.

"ಅವ್ವಾ, ಮೂರ ತಾಸು ತಡಿ. ಹತ್ತಕ್ಕ ಬಂದು ಹನ್ನೊಂದರೊಳಗ ಹೋಗಿಬಿಡ್ತಾರ. ಇಡೀ ಓಣಿ ಹೊಟ್ಟಿ ಪ್ರಶ್ನೆ ಐತಿ."

ಅನಸವ್ವ ಅವನ ಮುಖವನ್ನೇ ನೋಡಿದಳು. "ನಿಮ್ಮಪ್ಪ ಯಾರ ಸಾವಿಗೂ ಮೂರ ತಾಸು ತಡಿ ಅಂದಿಲ್ಲ," ಎಂದಳು. ಅವಳು ಅಂದು ಬಾಯಿ ತೆರೆದು ಅತ್ತುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮಗನ ಮಾತಿಗೆ ನಾಲ್ಕು ಜನರೆದುರು ಕುತ್ತು ತರುವ ತಾಯಿ ಅವಳಾಗಿರಲಿಲ್ಲ, ಅವಳ ತಪ್ಪು ಅಷ್ಟೇ.

ಪ್ರಭುಲಿಂಗ ಅಪ್ಪನನ್ನು ಎತ್ತಿ ಒಳಗಿನ ಖೋಲಿಗೆ ಒಯ್ದ. ಯಾರಾದರೂ ಇಣುಕಿದರೆ ನಿದ್ದೆ ಹೋದಂತೆ ಕಾಣಲಿ ಎಂದು ಕಾಲು ನೀಡಿ ಉದ್ದಕ್ಕೆ ಮಲಗಿಸಿ, ಎದೆಯವರೆಗೆ ಕೌದಿ ಹೊದಿಸಿ, ಬಾಗಿಲು ಮುಂದೆ ಮಾಡಿದ. ಕೂತು ಸತ್ತವನನ್ನು ಮಗನೇ ಮಲಗಿಸಿದ. ಮಗ್ಗಗಳು ಓಡುತ್ತಲೇ ಇದ್ದವು.

ಹತ್ತಾಯಿತು, ಕಾರು ಬರಲಿಲ್ಲ. ಹನ್ನೊಂದಕ್ಕೆ ಜಮಖಂಡಿ ಸಮಿತಿಯ ಶೀತಲ್‌ಗೆ ಫೋನ್ ಮಾಡಿದ. ಶೀತಲ್ ದೊಡ್ಡ ವ್ಯಾಪಾರಿ, ಮಾತು ಬೆಣ್ಣೆ. ಸಾಹೇಬರನ್ನು ಚಿಕ್ಕಪಡಸಲಗಿಯ ಬ್ಯಾರೇಜಿಗೆ ಕರೆದುಕೊಂಡು ಬಂದಿದ್ದೇವೆ ಎಂದ. ರೈತರೇ ಕಟ್ಟಿದ್ದು ಎಂದು ಕೇಳಿ ಬಹಳ ಖುಷಿಯಾಗಿದ್ದಾರೆ, ಹೊಳೆ ನೋಡುತ್ತಾ ಕೂತಿದ್ದಾರೆ ಎಂದ. ಬನಹಟ್ಟಿಗೆ ಬರುವ ದಾರಿ ಬಿಟ್ಟು ಉಲ್ಟಾ ದಿಕ್ಕಿಗೆ ಒಯ್ದಿದ್ದರು. ಪ್ರಭುಲಿಂಗನಿಗೆ ಅವರ ಆಟ ತಿಳಿಯಿತು, ತಾನಾಗಿದ್ದರೂ ಅದನ್ನೇ ಆಡುತ್ತಿದ್ದೆ ಎಂಬುದೂ ತಿಳಿಯಿತು. ಬೇಗ ಕಳಿಸಿ ಎಂದು ಅಂಗಲಾಚಿದ. ಹನ್ನೆರಡೂವರೆಗೆ ಮತ್ತೆ ಫೋನ್ ಮಾಡಿದಾಗ ಶೀತಲ್ ನಕ್ಕ.

"ಊಟಕ್ಕ ಕುಂತಾರ್ರೀ. ಹೋಳಿಗಿ ಮಾಡಿಸೇವಿ. ನಿಮ್ಮೂರಾಗ ಯಾರರ ಸಾಯಾಕತ್ತಾರೇನ್ರೀ ಇಷ್ಟ ಅವಸರಾ ಮಾಡಾಕ?"

ಪ್ರಭುಲಿಂಗ ಫೋನ್ ಇಟ್ಟ. ಒಳಗೆ ಹೋಗಿ ಅಪ್ಪನ ಮೊಣಕಾಲು ಮುಟ್ಟಿ ನೋಡಿದ. ಅದು ಆಗಲೇ ಮಡಿಯುತ್ತಿರಲಿಲ್ಲ. ಈಗಲಾದರೂ ಹೊರಗೆ ಹೋಗಿ ಹೇಳಿಬಿಡಬೇಕು ಅನಿಸಿತು. ಆದರೆ ಇಷ್ಟೊತ್ತು ಮುಚ್ಚಿಟ್ಟದ್ದು ಹೇಳುವುದು ಹೇಗೆ, ಮುಚ್ಚಿಟ್ಟೂ ಕಂಪನಿ ಸಿಗದಿದ್ದರೆ ಏನು ಸಾಧಿಸಿದಂತಾಯಿತು? ಹೇಸಿಗೆಯಲ್ಲಿ ಒಂದು ಕಾಲಿಟ್ಟವನು ಎರಡನೆಯದನ್ನೂ ಇಟ್ಟ.

ಎರಡೂವರೆಗೆ ಕಾರುಗಳು ಬಂದವು. ನೇಯುವ ಮುದುಕ ಎಲ್ಲಿ ಎಂದು ಕೇಳುತ್ತಾರೆ, ಬರಿ ಮಗ್ಗ ತೋರಿಸಿದರೆ ಹೇಗೆ? ಪ್ರಭುಲಿಂಗ ತಾಯಿಯ ಎದುರು ಕೈಮುಗಿದ. ಬೆಳಿಗ್ಗೆಯಿಂದ ಖೋಲಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ ಅನಸವ್ವ ಎದ್ದು ಬಂದು, ಗಂಡನ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತಳು. ಹಣೆಯ ಕುಂಕುಮ ಇನ್ನೂ ಹಾಗೇ ಇತ್ತು.

ಕಂಪನಿಯವರಲ್ಲಿ ಮುಖ್ಯನಾದವನು ಬೂಟು ಬಿಚ್ಚದೆ ಹೊಸ್ತಿಲಲ್ಲೇ ನಿಂತ. ಊಟ ಭಾರಿಯಾಗಿತ್ತೇನೋ, ಕಣ್ಣು ಎಳೆಯುತ್ತಿದ್ದವು. ಜೊತೆಗಿದ್ದ ತಂಪು ಕನ್ನಡಕದ ಹೆಂಗಸು ಫೋಟೋ ತೆಗೆಯುತ್ತ, ಈ ಅಜ್ಜಿಗೆ ಸ್ವಲ್ಪ ನಗಲು ಹೇಳಿ ಎಂದಳು. ಪ್ರಭುಲಿಂಗ ಹೇಳಲಿಲ್ಲ, ಅಷ್ಟು ಮಾನ ಉಳಿದಿತ್ತು. ಸಾಹೇಬ ಒಂದು ಕಿವಿಗೆ ಬೆರಳಿಟ್ಟುಕೊಂಡು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದ: ಈ ಸದ್ದು ಯಾವಾಗಲಾದರೂ ನಿಲ್ಲುತ್ತದೆಯೇ?

ಪ್ರಭುಲಿಂಗನಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಎದೆಯುಬ್ಬಿಸಿ, ತಾಯಿಗೂ ತಿಳಿಯುವ ಹಿಂದಿಯಲ್ಲಿ, ಈ ಓಣಿಯಲ್ಲಿ ಮಗ್ಗ ಯಾವುದಕ್ಕೂ ನಿಲ್ಲುವುದಿಲ್ಲ ಎಂದ.

ಅನಸವ್ವನ ಕೈಯ ಲಾಳಿ ಅರ್ಧಕ್ಕೇ ನಿಂತಿತು. ಸಾಹೇಬ ಅದನ್ನು ನೋಡಲಿಲ್ಲ. ತಲೆಯಾಡಿಸಿ, ಚಹಾ ಬೇಡವೆಂದು, ಕಾರು ಹತ್ತಿದ. ಬಂದು ಹೋದದ್ದು ಒಂದು ಬೀಡಿ ಸೇದುವಷ್ಟು ಹೊತ್ತು.

ಕಾರು ಓಣಿಯ ತಿರುವು ದಾಟಿದ್ದೇ ಕರೆಂಟ್ ಹೋಯಿತು. ಕೊಟ್ಟ ಮಾತಿಗೆ ಅಷ್ಟು ಸರಿಯಾಗಿ ಆ ಇಲಾಖೆ ಎಂದೂ ನಡೆದುಕೊಂಡಿರಲಿಲ್ಲ. ಎಲ್ಲ ಮಗ್ಗಗಳೂ ಒಮ್ಮೆಲೇ ನಿಂತವು. ಆ ಮೌನದಲ್ಲಿ ಪ್ರಭುಲಿಂಗ ಹೊರಗೆ ಬಂದು ಅಪ್ಪ ಹೋದ ಎಂದು ಹೇಳಿದ. ಜನ ಬಂದರು, ಅತ್ತರು. ಆದರೆ ಚನಮಲ್ಲಪ್ಪನಿಗಾಗಿ ನಿಲ್ಲಿಸಲು ಓಣಿಯಲ್ಲಿ ಓಡುವ ಮಗ್ಗ ಒಂದೂ ಇರಲಿಲ್ಲ.

ಕೂರಿಸಲು ಬಂದವನು ಪಕ್ಕದ ಮನೆಯ ಹಣಮಪ್ಪ. ಓಣಿಯ ಎಷ್ಟೋ ಜನರನ್ನು ಕೂರಿಸಿದ ಕೈ ಅವನದು. ಮೊಣಕಾಲು ಹಿಡಿದವನು ಹಾಗೇ ನಿಂತ. ಯಾವಾಗ ಹೋದ ಎಂದು ಕೇಳಿದ. ಈಗ, ಮಲಗಿದಲ್ಲೇ ಎಂದ ಪ್ರಭುಲಿಂಗ. ಹಣಮಪ್ಪ ಅವನನ್ನೂ ನೋಡಿದ, ಮೂಲೆಯಲ್ಲಿದ್ದ ಅರೆ ಸುತ್ತಿದ ಕಂಡಿಕೆಯನ್ನೂ ನೋಡಿದ. ಬಿಸಿನೀರು ಹಾಕಿ ತಿಕ್ಕಿದರು, ಇಬ್ಬರು ಹಿಡಿದು ಒತ್ತಿದರು. ಅನಸವ್ವ ಬಂದು ಅವರ ಕೈ ತೆಗೆಸಿದಳು. "ಬ್ಯಾಡ್ರಿ, ಮುರಿಬ್ಯಾಡ್ರಿ," ಎಂದಳು. ಆ ಓಣಿಯಿಂದ ಮಲಗಿಕೊಂಡು ಹೋದ ಮೊದಲ ಹಿರಿಯ ಚನಮಲ್ಲಪ್ಪ. ದಾರಿಯುದ್ದಕ್ಕೂ ಯಾರೂ ಏನೂ ಕೇಳಲಿಲ್ಲ, ಅದೇ ಪ್ರಭುಲಿಂಗನಿಗೆ ಹೆಚ್ಚು ಸುಟ್ಟಿತು. ಅಂದಿನಿಂದ ಅನಸವ್ವ ಮಗನಿಗೆ ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ.

ನಾಲ್ಕು ಊರುಗಳೂ ಮಳೆಗಾಲವಿಡೀ ಕಾದವು. ದಸರೆಯ ಹೊತ್ತಿಗೆ ಒಂದು ಮಧ್ಯಾಹ್ನ ಶೀತಲ್‌ನ ಫೋನ್ ಬಂತು. ಈ ಸಲ ಮಾತಿನಲ್ಲಿ ಬೆಣ್ಣೆ ಇರಲಿಲ್ಲ. ಕಂಪನಿ ಎಲ್ಲಿಗೂ ಬರುವುದಿಲ್ಲ. ಅವರಿಗೆ ಬರುವ ಮನಸ್ಸು ಮೊದಲೇ ಇರಲಿಲ್ಲವಂತೆ. ಇಲ್ಲಿನ ನಾಲ್ಕು ಊರು ಪುಕ್ಕಟೆ ಜಾಗ ಕೊಡುತ್ತವೆ, ನೀವೇನು ಕೊಡುತ್ತೀರಿ ಎಂದು ಅಲ್ಲಿನ ಜಾಗದ ಮಾಲೀಕರನ್ನು ಹೆದರಿಸಿ, ಮುಂಬೈಯಲ್ಲೇ ಬೇಕಾದ ಜಾಗ ಬೇಕಾದ ಬೆಲೆಗೆ ಹೊಡೆದುಕೊಂಡರಂತೆ. ನಾಲ್ಕು ಊರಿನವರ ಮೊಣಕೈಗೂ ಬೆಲ್ಲ ಹಚ್ಚಿ, ಒಬ್ಬರ ಮೊಣಕೈ ನೋಡಿ ಇನ್ನೊಬ್ಬರು ಹೊಟ್ಟೆಕಿಚ್ಚುಪಡುವಂತೆ ಮಾಡಿದ್ದರು. "ನಾವರ ಹೋಳಿಗಿ ಹಾಕಿ ಕೆಟ್ವಿ. ನೀವ ಪಾರಾದ್ರಿ ಬಿಡ್ರಿ, ನಿಮ್ಮದೇನೂ ಹೋಗಲಿಲ್ಲ," ಎಂದ ಶೀತಲ್.

ಪ್ರಭುಲಿಂಗ ಶೆಡ್ಡಿನ ನಡುವೆ ನಿಂತಿದ್ದ. ನಾಲ್ಕೂ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಆ ಸದ್ದು ತಡೆಯಲಾಗದೆ, ತಾನೇನು ಮಾಡುತ್ತಿದ್ದೇನೆಂದು ಯೋಚಿಸದೆ, ಒಂದೊಂದಾಗಿ ಆರಿಸಿದ. ಆರಿಸಿದ ಮೇಲೆ ಪಕ್ಕದ ಹಣಮಪ್ಪನ ಮಗ್ಗ ನಿಂತದ್ದು ಕೇಳಿಸಿತು. ಆಮೇಲೆ ಎದುರಿನದು, ಅದರಾಚೆಯದು. ತಡೆಯಲು ಅವನು ಬಾಗಿಲಿಗೆ ಬರುವಷ್ಟರಲ್ಲಿ ಓಣಿ ತುದಿಯವರೆಗೆ ನಿಂತಿತ್ತು.

ಜನ ಬಂದು ಕಟ್ಟೆಯ ಮುಂದೆ ಕೂಡಿದರು. ಅನಸವ್ವ ಒಳಗಿನಿಂದ ನಡೆದು ಬಂದದ್ದು ಕಂಡು ಅವರಿಗೆ ಗೊಂದಲವಾಯಿತು. ಹಣಮಪ್ಪ ಪ್ರಭುಲಿಂಗನನ್ನು ಕೇಳಲಿಲ್ಲ, ಅವಳನ್ನೇ ಕೇಳಿದ. "ಯಾರ ಹೋದ್ರಬೇ, ಯಕ್ಕಾ?"

ಪ್ರಭುಲಿಂಗ ಯಾರೂ ಇಲ್ಲ ಎನ್ನಲು ಬಾಯಿ ತೆರೆದ. ಅವ್ವ ಅವನ ಕಡೆ ತಿರುಗಲಿಲ್ಲ.

"ನಿಮ್ಮ ಅಣ್ಣ ಹೋಗ್ಯಾರ, ಹಣಮಪ್ಪಾ. ಸಾಹೇಬ್ರು ಬಂದ ದಿನಾ ಮುಂಜಾನಿ, ಕಂಡಿಕಿ ಸುತ್ತಕೋತ ಕುಂತಲ್ಲೇ ಹೋದ್ರು. ಅವರಿಗಂತ ಮಗ್ಗ ಇವತ್ತ ನಿಂತಾವು."

ಆಮೇಲೆ ಅವಳು ಕಟ್ಟೆಯ ಮೇಲೆ ಕೂತು, ಅಂದು ಅಳದೆ ಉಳಿಸಿಕೊಂಡದ್ದನ್ನು ಹಾಡಿಕೊಂಡು ಅತ್ತಳು. ಹೆಂಗಸರು ಅವಳ ಸುತ್ತ ಕೂತರು. ಪ್ರಭುಲಿಂಗನ ಪಕ್ಕ ಯಾರೂ ಬಂದು ನಿಲ್ಲಲಿಲ್ಲ. ಆ ದಿನ ಹೊತ್ತು ಮುಳುಗುವವರೆಗೆ ಓಣಿಯಲ್ಲಿ ಯಾರೂ ಮಗ್ಗ ಹಚ್ಚಲಿಲ್ಲ.